ತೋಡುಮೊನೆಗಳನ್ನು ಗುರುತಿಸಿ ವರ್ಗೀಕರಿಸುವ ಕ್ರಮ: ಕ್ಲೋವಿಸ್, ಫೋಲ್ಸಮ್ ಮತ್ತು ಅವುಗಳ ಬಳಗ

ಉತ್ತರ ಅಮೆರಿಕದ ಹೊಲದಲ್ಲೋ ಹೊಳೆದಂಡೆಯಲ್ಲೋ ಸಿಕ್ಕ ಕಲ್ಲಿನ ಈಟಿಮೊನೆಯನ್ನು ತೋರಿಸಿ, ಇದು ಕ್ಲೋವಿಸ್ (ಸುಮಾರು 13,000 ವರ್ಷ ಹಿಂದಿನ ಹೆಸರಾಂತ ಮೊನೆಯ ಬಗೆ) ಅಲ್ಲವೇ ಎಂದು ಕೇಳುವವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಅವರು ಮೊನೆಯ ಹೊರ ಆಕಾರವನ್ನು ಪುಸ್ತಕದ ಚಿತ್ರದೊಂದಿಗೆ ಹೋಲಿಸಿ, ಹೆಸರನ್ನು ಮೊದಲು ತೀರ್ಮಾನಿಸಿ, ಆಮೇಲೆ ಅದಕ್ಕೆ ಬೇಕಾದ ಲಕ್ಷಣಗಳನ್ನು ಹುಡುಕುತ್ತಾರೆ. ಹೊರ ಆಕಾರವು ಬಳಸಿದಂತೆ, ಮುರಿದಂತೆ, ಮತ್ತೆ ಹರಿತ ಮಾಡಿದಂತೆ ಬದಲಾಗುತ್ತ ಹೋಗುವಂಥದ್ದು. ಹಿಡಿಗೆ ಕಟ್ಟಿದ್ದ ಬುಡ ಮತ್ತು ಚಕ್ಕೆಗಳು ಎದ್ದ ಕ್ರಮ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಆದ್ದರಿಂದ ತೋಡು ನಿಜವೇ ಎಂಬುದನ್ನು ಮೊದಲು, ಬುಡವನ್ನು ಎರಡನೆಯದಾಗಿ, ಅಳತೆಗಳನ್ನು ಮೂರನೆಯದಾಗಿ ನೋಡಿ, ಹೆಸರನ್ನು ಕೊನೆಗೆ ಇಡುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಈ ಬರಹದಲ್ಲಿ ‘ತೋಡು’ ಎಂದರೆ ಮೊನೆಯ ಬುಡಕ್ಕೆ ಪೆಟ್ಟು ಅಥವಾ ಒತ್ತಡ ಕೊಟ್ಟಾಗ ತುದಿಯ ದಿಕ್ಕಿಗೆ ಉದ್ದಕ್ಕೆ ಎದ್ದುಹೋದ ಚಕ್ಕೆಯ ಗುರುತು. ಅಂಥ ಗುರುತು ಒಂದು ಮುಖದಲ್ಲೋ ಎರಡೂ ಮುಖಗಳಲ್ಲೋ ಇರುವುದು ‘ತೋಡುಮೊನೆ’. ಹೊರಗೆ ಹಾರಿದ ಆ ಉದ್ದ ಚಕ್ಕೆಯನ್ನು ‘ತೋಡುಚಕ್ಕೆ’ ಎಂದು ಕರೆಯುತ್ತೇನೆ.

ಬೇಕಾದ ಸಾಧನಗಳು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಭೂತಗನ್ನಡಿ, ಪ್ಲಾಸ್ಟಿಕ್ ದವಡೆಯ ಕ್ಯಾಲಿಪರ್, ಓರೆಯಾಗಿ ಬೆಳಕು ಬೀರಬಲ್ಲ ಸಣ್ಣ ದೀಪ, ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ಟಿಪ್ಪಣಿ ಪುಸ್ತಕ ಮತ್ತು ಪೆನ್ಸಿಲ್ ಸಾಕು. ಲೋಹದ ದವಡೆಯ ಕ್ಯಾಲಿಪರ್ ಕಲ್ಲಿನ ಮೇಲೆ ಬೂದುಬಣ್ಣದ ಗೀರು ಉಳಿಸುತ್ತದೆ, ಮುಂದೆ ನೋಡುವವರು ಅದನ್ನು ನಕಲಿ ಕೆಲಸದ ಲೋಹದ ಗುರುತೆಂದು ತಿಳಿಯುವ ಸಾಧ್ಯತೆ ಇದೆ. ಅತಿನೇರಳೆ ದೀಪವಿದ್ದರೆ ಕಲ್ಲಿನ ಮೂಲವನ್ನು ಊಹಿಸಲು ಸಹಾಯವಾಗುತ್ತದೆ. ಉದಾಹರಣೆಗೆ ಟೆಕ್ಸಸ್‌ನ ಎಡ್ವರ್ಡ್ಸ್ ಚರ್ಟ್ (ಮೊನೆ ಮಾಡಲು ಬಳಸುತ್ತಿದ್ದ ಒಂದು ಗಟ್ಟಿ ಕಲ್ಲು) ಅದರ ಬೆಳಕಿನಲ್ಲಿ ಹಳದಿ ಅಥವಾ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಬ್ರಷ್, ಸೋಪು, ಆಮ್ಲ ಯಾವುದನ್ನೂ ಹತ್ತಿರ ಇಟ್ಟುಕೊಳ್ಳಬೇಡಿ.

ಹಂತ 1: ಎತ್ತುವ ಮುನ್ನ

ಮೊನೆ ನೆಲದ ಮೇಲೆ ಕಂಡರೆ ಮೊದಲು ಅದು ಯಾರ ಜಾಗ ಎಂದು ತಿಳಿಯಿರಿ. ಅಮೆರಿಕದ ಒಕ್ಕೂಟ ಸರ್ಕಾರದ ನೆಲ ಮತ್ತು ಮೂಲನಿವಾಸಿ ಬುಡಕಟ್ಟುಗಳ ನೆಲದಲ್ಲಿರುವ ಪುರಾವಸ್ತುಗಳನ್ನು 1979ರ ಪುರಾತತ್ವ ಸಂಪನ್ಮೂಲ ಸಂರಕ್ಷಣಾ ಕಾಯ್ದೆ ರಕ್ಷಿಸುತ್ತದೆ. ಅಲ್ಲಿ ಚಿತ್ರ ತೆಗೆದು, ಸ್ಥಳವನ್ನು ಗುರುತಿಸಿಕೊಂಡು, ವಸ್ತುವನ್ನು ಇದ್ದಲ್ಲೇ ಬಿಟ್ಟು ಅಧಿಕಾರಿಗಳಿಗೆ ತಿಳಿಸಬೇಕು. ಖಾಸಗಿ ಜಮೀನಾದರೆ ಒಡೆಯರ ಒಪ್ಪಿಗೆ ಬೇಕು. ರಾಜ್ಯ ಸರ್ಕಾರದ ನೆಲಕ್ಕೆ ಆಯಾ ರಾಜ್ಯದ ನಿಯಮ ಬೇರೆಯೇ ಇರುತ್ತದೆ.

ಎತ್ತುವ ಅನುಮತಿ ಇದ್ದರೂ ಮೊನೆಯನ್ನು ಇದ್ದ ಸ್ಥಿತಿಯಲ್ಲೇ ಅಳತೆಪಟ್ಟಿಯೊಂದಿಗೆ ಚಿತ್ರಿಸಿ, ಜಿಪಿಎಸ್ ಸ್ಥಾನವನ್ನು ಬರೆದುಕೊಳ್ಳಿ. ಕಲ್ಲಿನ ಮೊನೆಯ ವಯಸ್ಸನ್ನು ಆ ಮೊನೆಯಿಂದಲೇ ಲೆಕ್ಕ ಹಾಕಲು ಆಗುವುದಿಲ್ಲ. ಅದೇ ಪದರದಲ್ಲಿರುವ ಮೂಳೆ ಅಥವಾ ಇದ್ದಿಲಿನ ರೇಡಿಯೋಕಾರ್ಬನ್ ಪರೀಕ್ಷೆಯಿಂದ ಕಾಲ ತಿಳಿಯುವುದರಿಂದ, ಪದರದಿಂದ ಬೇರ್ಪಟ್ಟ ಮೊನೆ ತನ್ನ ಅರ್ಧ ಮಾತನ್ನು ಕಳೆದುಕೊಂಡಿರುತ್ತದೆ.

ಎಚ್ಚರಿಕೆಯ ಸೂಚನೆ ಒಂದಿದೆ. ಮಣ್ಣಿನಲ್ಲಿ ಕೆಂಪು ಕಾವಿಯ ಬಣ್ಣ, ಒಟ್ಟಿಗೆ ಹಲವು ಮೊನೆಗಳು, ಅಥವಾ ಯಾವುದೇ ಮೂಳೆ ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ಮೊಂಟಾನಾದ ಆ್ಯಂಜಿಕ್‌ನಲ್ಲಿ 1968ರಲ್ಲಿ ಸಿಕ್ಕ ಕ್ಲೋವಿಸ್ ಉಪಕರಣಗಳು ಕಾವಿ ಬಳಿದ ಪುಟ್ಟ ಮಗುವಿನ ಸಮಾಧಿಯವು. ಆ ಮಗುವಿನ ಅಸ್ಥಿಗಳನ್ನು 2014ರಲ್ಲಿ ಮತ್ತೆ ಮಣ್ಣು ಮಾಡಲಾಯಿತು. ಇಂಥ ಜಾಗ ಹವ್ಯಾಸಿಗಳು ಕೈಹಾಕುವ ಜಾಗವಲ್ಲ.

ಹಂತ 2: ಮೊನೆಯನ್ನು ಸರಿಯಾಗಿ ನಿಲ್ಲಿಸಿ ನೋಡುವುದು

ತುದಿ ಮೇಲೆ, ಬುಡ ಕೆಳಗೆ ಇರುವಂತೆ ಇಟ್ಟು, ಎಡ ಮೇಲ್ಭಾಗದಿಂದ ಓರೆ ಬೆಳಕು ಬೀಳಿಸಿ. ನೇರವಾಗಿ ಮೇಲಿನಿಂದ ಬಿದ್ದ ಬೆಳಕಿನಲ್ಲಿ ತೋಡು ಕಾಣುವುದೇ ಇಲ್ಲ ಅಥವಾ ಇಲ್ಲದ ತೋಡು ಕಂಡಂತಾಗುತ್ತದೆ. ಎರಡು ಮುಖಗಳು, ಎರಡು ಪಕ್ಕಗಳು, ಬುಡದ ಕಡೆಯಿಂದ ಒಂದು ನೋಟ, ಹೀಗೆ ಐದು ಚಿತ್ರ ಬೇಕು. ಹೆಚ್ಚಿನವರು ಬುಡದ ನೋಟವನ್ನು ಬಿಟ್ಟುಬಿಡುತ್ತಾರೆ, ಆದರೆ ತೋಡಿನ ಆಳ ಮತ್ತು ಬುಡದ ದಪ್ಪ ಅತ್ಯಂತ ಸ್ಪಷ್ಟವಾಗಿ ತಿಳಿಯುವುದು ಅಲ್ಲಿಯೇ.

ತೋಡುಮೊನೆಗಳು ಎರಡೂ ಮುಖಗಳಲ್ಲಿ ಚಕ್ಕೆ ತೆಗೆದು ಮಾಡಿದವು. ಒಂದು ಮುಖ ಪೂರ್ತಿ ನಯವಾಗಿದ್ದು ಇನ್ನೊಂದರಲ್ಲಿ ಮಾತ್ರ ಕೆಲಸವಿದ್ದರೆ, ಆ ನಯವಾದ ಮುಖ ತೋಡಾಗಿರುವುದಕ್ಕಿಂತ ಮೂಲ ಚಕ್ಕೆಯ ಒಳಮೈ ಆಗಿರುವ ಸಾಧ್ಯತೆಯೇ ಹೆಚ್ಚು. ಗಾಜಿನಂತೆ ಒಡೆಯುವ ಚರ್ಟ್, ಕ್ಯಾಲ್ಸೆಡೊನಿ, ಅಬ್ಸಿಡಿಯನ್, ಜ್ಯಾಸ್ಪರ್, ಕೆಲವೊಮ್ಮೆ ಸ್ಫಟಿಕ ಮತ್ತು ಕ್ವಾರ್ಟ್ಜೈಟ್ ಸಾಮಾನ್ಯ ಕಲ್ಲುಗಳು.

ಹಂತ 3: ತೋಡು ನಿಜವೇ?

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಈ ಹಂತಕ್ಕೆ. ಇಲ್ಲಿ ತಪ್ಪಿದರೆ ಮುಂದಿನ ಅಳತೆಗಳೆಲ್ಲ ವ್ಯರ್ಥ.

ಮೊದಲು ಚಕ್ಕೆ ಎತ್ತ ಕಡೆಯಿಂದ ಹೊರಟಿದೆ ಎಂದು ನೋಡಿ. ಕೆರೆಗೆ ಕಲ್ಲು ಬಿದ್ದಾಗ ಅಲೆಗಳು ಬಿದ್ದ ಜಾಗದಿಂದ ಹೊರಕ್ಕೆ ಹರಡುವಂತೆ, ಚಕ್ಕೆಯ ಗುರುತಿನಲ್ಲಿರುವ ಸಣ್ಣ ಅಲೆಗಳು ಪೆಟ್ಟು ಬಿದ್ದ ಜಾಗವನ್ನು ಕೇಂದ್ರವಾಗಿಟ್ಟುಕೊಂಡು ಬಾಗಿರುತ್ತವೆ. ನಿಜವಾದ ಅಮೆರಿಕದ ತೋಡಿನಲ್ಲಿ ಈ ಅಲೆಗಳ ಉಬ್ಬು ತುದಿಯ ಕಡೆಗಿರುತ್ತದೆ. ಉಬ್ಬು ಬುಡದ ಕಡೆಗಿದ್ದರೆ ಆ ಚಕ್ಕೆ ತುದಿಯಿಂದ ಹೊರಟದ್ದು. ಬೇಟೆಯ ಹೊತ್ತಿನಲ್ಲಿ ಮೊನೆ ಎಲುಬಿಗೋ ಕಲ್ಲಿಗೋ ಬಡಿದಾಗ ತುದಿಯಿಂದ ಕೆಳಕ್ಕೆ ಇಂಥ ಚಕ್ಕೆ ಏಳುತ್ತದೆ. ತೋಡಿಲ್ಲದ ಸಾವಿರಾರು ವರ್ಷ ಈಚಿನ ಮೊನೆಗಳೂ ಈ ಒಂದು ಗಾಯದಿಂದಾಗಿ ತೋಡುಮೊನೆ ಎನಿಸಿಕೊಂಡು ಸಂಗ್ರಹಗಳಲ್ಲಿ ಕುಳಿತಿರುತ್ತವೆ.

ಆಮೇಲೆ ಚಕ್ಕೆಗಳ ಕಾಲಕ್ರಮವನ್ನು ಓದಬೇಕು. ಮೊನೆಯ ಎರಡು ಅಂಚುಗಳಿಂದ ನಡುವಿಗೆ ಬಂದ ಅಡ್ಡ ಚಕ್ಕೆಗಳ ಗುರುತುಗಳು ತೋಡಿನ ಅಂಚಿನಲ್ಲಿ ಕತ್ತರಿಸಿದಂತೆ ನಿಂತುಹೋಗಿದ್ದರೆ, ಅವುಗಳ ನಂತರ ತೋಡು ಎದ್ದಿದೆ ಎಂದರ್ಥ, ಮತ್ತು ಇರಬೇಕಾದದ್ದು ಹೀಗೆಯೇ. ತೋಡಿನ ನಂತರ ಅಂಚನ್ನು ನೇರ ಮಾಡಲು ತೆಗೆದ ಸಣ್ಣ ಚಕ್ಕೆಗಳು ತೋಡಿನ ಬದಿಯನ್ನು ಸ್ವಲ್ಪ ಕೊರೆದಿರಬಹುದು, ಅದರಿಂದ ಗಾಬರಿಯಾಗಬೇಕಿಲ್ಲ. ಆದರೆ ದೊಡ್ಡ ಅಡ್ಡ ಚಕ್ಕೆಗಳೆಲ್ಲ ‘ತೋಡಿನ’ ಮೇಲೆ ಹಾದುಹೋಗಿ ನಡುವಿನಲ್ಲಿ ಅಲ್ಲಲ್ಲಿ ಚಪ್ಪಟೆ ತುಣುಕು ಮಾತ್ರ ಉಳಿದಿದ್ದರೆ, ಅದು ಮೂಲ ಚಕ್ಕೆಯ ಹಳೆಯ ಮೈ.

ಮೂರನೆಯದಾಗಿ, ಬುಡ ತೆಳುಗೊಳಿಸುವ ಸಾಮಾನ್ಯ ಕೆಲಸವನ್ನೂ ತೋಡನ್ನೂ ಬೇರೆ ಮಾಡಬೇಕು. ಬುಡದಿಂದ ಹೊರಟ ಹಲವು ಗಿಡ್ಡ ಚಕ್ಕೆಗಳು ಹಿಡಿ ಕಟ್ಟುವ ಭಾಗದೊಳಗೇ ಮುಗಿದಿದ್ದರೆ ಅದು ಬರಿಯ ತೆಳುಗೊಳಿಸುವಿಕೆ. ತೋಡಾದರೆ ಒಂದೋ ಎರಡೋ ಮೂರೋ ಉದ್ದ ಚಕ್ಕೆಗಳು ಮುಖದ ನಡುಭಾಗವನ್ನು ಆವರಿಸಿ, ಅಡ್ಡಸೀಳಿನಲ್ಲಿ ನಡು ತಗ್ಗಾಗಿ ಕಾಣುವಂತೆ ಮಾಡಿರುತ್ತವೆ. ಗಡಿಯಲ್ಲಿರುವ ಉದಾಹರಣೆಗಳು ನಿಜಕ್ಕೂ ಇವೆ. ಮಿಶಿಗನ್‌ನ ಹೋಲ್ಕೋಂಬ್ ಮೊನೆಗಳು ಅಂಥವು. ಅಂಥಲ್ಲಿ ‘ಬುಡ ತೆಳುಗೊಳಿಸಿದ್ದು’ ಎಂದಷ್ಟೇ ಬರೆದು ಮುಂದುವರಿಯುವುದು ಸರಿ.

ಈ ಹಂತದ ನಿಯಮ ತಿರುಗಿಬೀಳುವ ಒಂದು ನಾಡಿದೆ. ಯೆಮೆನ್‌ನ ಮನಾಯ್ಝಾ ಮತ್ತು ಒಮಾನ್‌ನ ದಹಾರೀಝ್ ನೆಲೆಗಳಲ್ಲಿ ಸುಮಾರು 8,000 ವರ್ಷ ಹಿಂದಿನ ನವಶಿಲಾಯುಗದ ತೋಡುಮೊನೆಗಳು ಸಿಕ್ಕಿವೆ. ಅಲ್ಲಿ ತೋಡನ್ನು ಹೆಚ್ಚಾಗಿ ತುದಿಯ ಕಡೆಯಿಂದ ಎಬ್ಬಿಸಿದ್ದಾರೆ. ಅಮೆರಿಕದ ಪರಂಪರೆಗೂ ಇದಕ್ಕೂ ಸಂಬಂಧವಿಲ್ಲ, ಎರಡೂ ಕಡೆಯ ಜನ ತಾವಾಗಿಯೇ ಕಂಡುಕೊಂಡ ತಂತ್ರವಿದು. ಸಲಾಲಾ ಕಡೆ ಕೆಲಸದಲ್ಲಿರುವ ನಮ್ಮವರು ಅಮೆರಿಕದ ಕೈಪಿಡಿ ಹಿಡಿದು ಅಲ್ಲಿನ ಕಲ್ಲುಗಳನ್ನು ಅಳೆಯಬಾರದು. ಇನ್ನು ಭಾರತದಲ್ಲಿ ತೋಡುಮೊನೆಗಳ ಪರಂಪರೆ ಇಲ್ಲ. ಮಸ್ಕಿ, ಬ್ರಹ್ಮಗಿರಿಯಂಥ ನೆಲೆಗಳಲ್ಲಿ ಸಿಗುವ, ಮೈತುಂಬ ಸಮಾನಾಂತರ ಉದ್ದ ಗೆರೆಗಳಿರುವ ಚರ್ಟ್ ತುಂಡುಗಳು ಅಲಗುಚಕ್ಕೆ ತೆಗೆದು ಉಳಿದ ಗಟ್ಟಿಗಳು. ಅವು ಆಯುಧವಲ್ಲ, ಆಯುಧ ಮಾಡಲು ಬಳಸಿದ ಮೂಲ ಕಲ್ಲು.

ಹಂತ 4: ಬುಡವನ್ನು ಓದುವುದು

ಬುಡದ ಅಂಚಿನ ಮೇಲೂ, ಬುಡದಿಂದ ಮೇಲಕ್ಕೆ ಎರಡೂ ಪಕ್ಕಗಳಲ್ಲೂ ಬೆರಳನ್ನು ನಿಧಾನವಾಗಿ ಆಡಿಸಿ. ಪೂರ್ಣಗೊಂಡ ತೋಡುಮೊನೆಯಲ್ಲಿ ಕೆಳಭಾಗದ ಅಂಚು ಮೊಂಡಾಗಿ, ನಯವಾಗಿ ಇರುತ್ತದೆ. ಹಿಡಿಗೆ ಕಟ್ಟುವ ನರ ಅಥವಾ ದಾರ ಕತ್ತರಿಸಿಹೋಗದಿರಲೆಂದು ಅದನ್ನು ಉಜ್ಜಿರುತ್ತಾರೆ. ಉಜ್ಜಿದ ಭಾಗ ಎಲ್ಲಿ ಮುಗಿಯುತ್ತದೆಯೋ ಅಲ್ಲಿಗೆ ಹಿಡಿಯ ಭಾಗ ಮುಗಿದು ಅಲಗಿನ ಭಾಗ ಶುರುವಾಗುತ್ತದೆ. ಈ ಬಿಂದುವನ್ನು ಎರಡೂ ಅಂಚಿನಲ್ಲಿ ಪೆನ್ಸಿಲ್ ಚಿತ್ರದಲ್ಲಿ ಗುರುತಿಸಿಕೊಳ್ಳಿ, ಮುಂದಿನ ಎರಡು ಹಂತಗಳಿಗೆ ಇದೇ ಆಧಾರ.

ಉಜ್ಜಿದ ಗುರುತು ಇಲ್ಲದಿದ್ದರೆ ಎರಡು ಸಾಧ್ಯತೆಗಳಿವೆ: ಮೊನೆ ಪೂರ್ಣಗೊಳ್ಳುವ ಮೊದಲೇ ಕೈಬಿಟ್ಟದ್ದು, ಅಥವಾ ಅದು ತೋಡುಮೊನೆಯೇ ಅಲ್ಲ. ಬುಡದ ಒಳಬಾಗಿನ ನಡುವೆ ಸಣ್ಣ ಮೊಲೆಯಂಥ ಉಬ್ಬು ಉಳಿದಿದ್ದರೆ ಅದನ್ನು ತಪ್ಪದೆ ಬರೆದುಕೊಳ್ಳಿ. ತೋಡುಚಕ್ಕೆಯನ್ನು ಎಬ್ಬಿಸಲು ಸಿದ್ಧಪಡಿಸಿದ್ದ ಪೆಟ್ಟುನೆಲೆಯ, ಅಂದರೆ ಪೆಟ್ಟು ಬೀಳುವ ಜಾಗದ, ಅವಶೇಷವದು, ಕ್ಲೋವಿಸ್‌ಗಿಂತ ಈಚಿನ ಫೋಲ್ಸಮ್ ಎಂಬ ಬಗೆಯ ಕೆಲಸದಲ್ಲಿ ಮುಖ್ಯ ಸುಳಿವು.

ಹಂತ 5: ಅಳತೆಗಳು

ಉದ್ದ, ಗರಿಷ್ಠ ಅಗಲ, ಬುಡದ ಅಗಲ, ಒಳಬಾಗಿನ ಆಳ, ಉಜ್ಜಿದ ಅಂಚಿನ ಉದ್ದ, ಪ್ರತಿ ಮುಖದ ತೋಡಿನ ಉದ್ದ ಮತ್ತು ಅಗಲ, ತೋಡಿರುವಲ್ಲಿ ದಪ್ಪ, ತೋಡಿಲ್ಲದಲ್ಲಿ ದಪ್ಪ, ಇಷ್ಟನ್ನೂ ಮಿಲಿಮೀಟರಿನಲ್ಲಿ ಬರೆಯಿರಿ. ಗರಿಷ್ಠ ಅಗಲ ಬುಡದಿಂದ ಎಷ್ಟು ಎತ್ತರದಲ್ಲಿದೆ ಎಂಬುದೂ ಬೇಕು. ಮುರಿದ ಮೊನೆಯ ಉದ್ದವನ್ನು ಊಹಿಸಿ ತುಂಬಬೇಡಿ, ಉಳಿದಿರುವಷ್ಟನ್ನು ಅಳೆದು ‘ಮುರಿದಿದೆ’ ಎಂದು ಬರೆಯಿರಿ. ತುದಿ ಮುರಿದಿದ್ದರೂ ಬುಡವಿದ್ದರೆ ವರ್ಗೀಕರಿಸಬಹುದು. ಬುಡವಿಲ್ಲದ ತುದಿಯನ್ನು, ತೋಡಿನ ತುಣುಕು ಕಂಡರೂ, ಹೆಸರಿಟ್ಟು ಕರೆಯದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹಂತ 6: ಮರುಹರಿತದ ಪರೀಕ್ಷೆ

ಬೇಟೆಗಾರರು ಮೊಂಡಾದ ಅಥವಾ ತುದಿ ಮುರಿದ ಮೊನೆಯನ್ನು ಹಿಡಿಯಿಂದ ಬಿಚ್ಚದೆಯೇ ಮತ್ತೆ ಹರಿತ ಮಾಡುತ್ತಿದ್ದರು. ಹೀಗಾಗಿ ಅಲಗು ಕುಗ್ಗುತ್ತದೆ, ಹಿಡಿಯ ಭಾಗ ಹಾಗೇ ಉಳಿಯುತ್ತದೆ. ಉಜ್ಜಿದ ಅಂಚು ಮುಗಿದ ಕೂಡಲೇ ಅಗಲ ತಟ್ಟನೆ ಕಡಿಮೆಯಾಗುವುದು, ಅಲಗು ಹಿಡಿಭಾಗಕ್ಕಿಂತ ಗಿಡ್ಡವಾಗಿರುವುದು, ತುದಿಯ ಎರಡು ಬದಿ ಒಂದೇ ರೀತಿ ಇಲ್ಲದಿರುವುದು ಇದರ ಲಕ್ಷಣಗಳು.

ಇಲ್ಲಿಂದ ಹುಟ್ಟುವ ತಪ್ಪನ್ನು ನಾನು ಪದೇ ಪದೇ ಕಾಣುತ್ತೇನೆ. ಕ್ಲೋವಿಸ್ ಮೊನೆಯ ಅರ್ಧದವರೆಗಿದ್ದ ತೋಡು, ಅಲಗು ಕುಗ್ಗಿದ ಮೇಲೆ ತುದಿಯವರೆಗೂ ಹಬ್ಬಿದಂತೆ ಕಾಣುತ್ತದೆ. ಆಗ ಗಿಡ್ಡ ಮೊನೆ ಮತ್ತು ಪೂರ್ತಿ ತೋಡು ಎಂಬ ಎರಡೇ ಕಾರಣಕ್ಕೆ ಅದನ್ನು ಫೋಲ್ಸಮ್ ಎನ್ನುತ್ತಾರೆ. ತೋಡಿನ ಮೇಲ್ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ: ತುದಿಯ ಸಣ್ಣ ಚಕ್ಕೆಗಳು ತೋಡನ್ನು ಒರಟಾಗಿ ಕಡಿದುಹಾಕಿದ್ದರೆ ಮರುಹರಿತದ ಸಂಶಯವಿರಲಿ. ಜೊತೆಗೆ ದಪ್ಪವನ್ನು ನೋಡಿ. ಆರು ಮಿಲಿಮೀಟರಿಗಿಂತ ದಪ್ಪವಿರುವ, ಅಂಚಿನಲ್ಲಿ ನವಿರಾದ ಒತ್ತುಚಕ್ಕೆಗಳ (ಒತ್ತಡ ಕೊಟ್ಟು ಎಬ್ಬಿಸಿದ ಸಣ್ಣ ಚಕ್ಕೆಗಳ) ಗುರುತಿಲ್ಲದ ಗಿಡ್ಡ ಮೊನೆ ಫೋಲ್ಸಮ್ ಆಗಿರುವುದು ಬಹಳ ಅಪರೂಪ.

ಗಾತ್ರವನ್ನು ಏಕೆ ನಂಬಬಾರದು ಎಂಬುದಕ್ಕೆ ಅರಿಜೋನಾದ ನಾಕೊ ನೆಲೆ ಸಾಕು. ಆನೆಯ ಬಳಗದ, ಈಗ ನಶಿಸಿಹೋಗಿರುವ ಒಂದೇ ಮ್ಯಾಮತ್‌ನ ಅಸ್ಥಿಗಳೊಂದಿಗೆ ಅಲ್ಲಿ ಸಿಕ್ಕ ಎಂಟು ಕ್ಲೋವಿಸ್ ಮೊನೆಗಳಲ್ಲಿ ಅತಿ ಉದ್ದದ್ದು ಅತಿ ಗಿಡ್ಡದ್ದರ ಸುಮಾರು ಎರಡರಷ್ಟಿದೆ. ವಾಷಿಂಗ್ಟನ್ ರಾಜ್ಯದ ಈಸ್ಟ್ ವೆನಾಚಿಯಲ್ಲಿ 1987ರಲ್ಲಿ ಸಿಕ್ಕ ಸಂಚಯದಲ್ಲಿ ಸುಮಾರು 23 ಸೆಂಟಿಮೀಟರ್ ಉದ್ದದ ಕ್ಲೋವಿಸ್ ಮೊನೆಯೂ ಇದೆ.

ಹಂತ 7: ಸಿಕ್ಕ ನಾಡನ್ನು ಹಿಡಿದು ಹೆಸರಿಡುವುದು

ಈಗ ಮಾತ್ರ ಹೆಸರಿನ ವಿಚಾರ. ಸಿಕ್ಕ ಪ್ರದೇಶ ಗೊತ್ತಿಲ್ಲದ ಮೊನೆಗೆ ಖಚಿತ ಹೆಸರಿಡಲು ಹೋಗಬೇಡಿ, ‘ತೋಡುಮೊನೆ, ಬಗೆ ತಿಳಿಯದು’ ಎಂಬುದು ಗೌರವದ ತೀರ್ಮಾನವೇ.

*ಕ್ಲೋವಿಸ್.* ನ್ಯೂ ಮೆಕ್ಸಿಕೋದ ಕ್ಲೋವಿಸ್ ಊರಿನ ಹತ್ತಿರದ ಬ್ಲ್ಯಾಕ್‌ವಾಟರ್ ಡ್ರಾ ನೆಲೆಯಿಂದ ಬಂದ ಹೆಸರು, ಕಾಲ ಸುಮಾರು 13,000 ವರ್ಷ ಹಿಂದೆ. ಅಂಚುಗಳು ಬುಡದ ಬಳಿ ಸಮಾನಾಂತರವಾಗಿದ್ದು ಮೇಲೆ ನಿಧಾನವಾಗಿ ಬಾಗುತ್ತವೆ, ಬುಡದ ಒಳಬಾಗು ಆಳವಿಲ್ಲ, ತೋಡು ಸಾಮಾನ್ಯವಾಗಿ ಮೊನೆಯ ಮೂರನೇ ಒಂದರಿಂದ ಅರ್ಧದವರೆಗೆ ಹೋಗಿ ಹಲವು ಸಲ ಮೆಟ್ಟಿಲಿನಂತೆ ತಟ್ಟನೆ ನಿಲ್ಲುತ್ತದೆ. ಒಂದು ಮುಖದ ತೋಡು ಇನ್ನೊಂದಕ್ಕಿಂತ ಗಿಡ್ಡವಾಗಿರುವುದು ಸಾಮಾನ್ಯ. ಒಂದು ಅಂಚಿನಿಂದ ಹೊರಟು ಎದುರಿನ ಅಂಚನ್ನೇ ಕಿತ್ತುಕೊಂಡು ಹೋದ ದೊಡ್ಡ ಚಕ್ಕೆಯ ಗುರುತು ಕಂಡರೆ ಅದು ಕ್ಲೋವಿಸ್ ಕೆಲಸಕ್ಕೆ ಬಲವಾದ ಬೆಂಬಲ, ಆದರೆ ಪೂರ್ಣಗೊಂಡ ಮೊನೆಯಲ್ಲಿ ಅದು ಅಳಿಸಿಹೋಗಿರಬಹುದು.

*ಫೋಲ್ಸಮ್.* ನ್ಯೂ ಮೆಕ್ಸಿಕೋದ ಫೋಲ್ಸಮ್ ನೆಲೆಯಲ್ಲಿ 1927ರಲ್ಲಿ ನಶಿಸಿಹೋದ ಕಾಡೆಮ್ಮೆಯ ಪಕ್ಕೆಲುಬುಗಳ ನಡುವೆ ಸಿಕ್ಕಿದ ಮೊನೆಯಿಂದ ಈ ಬಗೆ ಸ್ಥಿರವಾಯಿತು. ಕ್ಲೋವಿಸ್‌ಗಿಂತ ಈಚಿನದು, ಮಹಾ ಬಯಲುಗಳು ಮತ್ತು ರಾಕಿ ಪರ್ವತಗಳ ನೆರೆಯ ನಾಡಿನದು. ಹೆಚ್ಚಾಗಿ ಮೂರರಿಂದ ಐದು ಸೆಂಟಿಮೀಟರ್ ಉದ್ದ, ಬಹಳ ತೆಳು, ತೋಡು ಬಹುತೇಕ ಇಡೀ ಮುಖವನ್ನು ಆವರಿಸಿರುತ್ತದೆ. ಅಂಚಿನ ಉದ್ದಕ್ಕೂ ನವಿರಾದ, ಒಂದೇ ಅಳತೆಯ ಒತ್ತುಚಕ್ಕೆಗಳಿವೆ, ಬುಡದ ಎರಡು ಮೂಲೆಗಳು ಕಿವಿಯಂತೆ ಮುಂದೆ ಚಾಚಿರುತ್ತವೆ. ಜಾರ್ಜಿಯಾದಲ್ಲೋ ಮೇನ್‌ನಲ್ಲೋ ಸಿಕ್ಕದ್ದನ್ನು ಫೋಲ್ಸಮ್ ಎಂದು ಹೇಳುವವರ ಮಾತನ್ನು ಎಚ್ಚರದಿಂದ ಕೇಳಬೇಕು.

ಮೊನೆ ತಯಾರಿಸುತ್ತಿದ್ದ ಫೋಲ್ಸಮ್ ನೆಲೆಗಳಲ್ಲಿ ಪೂರ್ಣ ಮೊನೆಗಳ ಜೊತೆಗೆ ಕೆಲಸದ ನಡುವೆ ಮುರಿದವೂ ಬಹಳ ಸಿಗುತ್ತವೆ. ತೋಡು ಎಬ್ಬಿಸುವಾಗ ಕಲ್ಲು ಅಡ್ಡಕ್ಕೆ ಮುರಿಯುವುದು ಸಾಮಾನ್ಯವಾಗಿತ್ತು. ಒಂದೇ ಮುಖದಲ್ಲಿ ತೋಡಿದ್ದು, ಅಂಚು ಒರಟಾಗಿದ್ದು, ಬುಡ ಉಜ್ಜಿರದಿದ್ದರೆ ಅದು ಇಂಥ ಅರ್ಧ ಕೆಲಸ. ಹಾಗೆಯೇ ಉದ್ದನೆಯ, ತೆಳುವಾದ ಚಕ್ಕೆಯ ಒಂದು ಮೈ ನುಣುಪಾಗಿದ್ದು ಇನ್ನೊಂದು ಮೈಯಲ್ಲಿ ಎರಡೂ ಕಡೆಯಿಂದ ಬಂದ ಚಕ್ಕೆಗುರುತುಗಳು ನಡುವೆ ಕೂಡಿದ್ದರೆ ಅದು ತೋಡುಚಕ್ಕೆ. ಕೊಲರಾಡೋದ ಲಿಂಡನ್‌ಮೈಯರ್ ನೆಲೆ ಇವುಗಳಿಗೆ ಹೆಸರಾದದ್ದು. ಇವನ್ನು ಕಸವೆಂದು ಬಿಸಾಡುವವರೇ ಹೆಚ್ಚು, ತಂತ್ರ ಹೇಗಿತ್ತೆಂದು ನಮಗೆ ಕಲಿಸಿದವು ಮಾತ್ರ ಇವೇ.

*ಕಂಬರ್ಲಂಡ್ ಮತ್ತು ರೆಡ್‌ಸ್ಟೋನ್.* ಎರಡೂ ಅಮೆರಿಕದ ಆಗ್ನೇಯ ಭಾಗದವು. ಕಂಬರ್ಲಂಡ್ ಟೆನೆಸಿ, ಕೆಂಟಕಿ, ಅಲಬಾಮ ಕಡೆಯದು: ಕಿರಿದಾಗಿ ಉದ್ದ, ನಡು ದಪ್ಪ, ಬುಡದ ಮೇಲೆ ಸೊಂಟದಂತೆ ಸಣ್ಣದಾಗಿ ಕಿವಿಗಳು ಮೀನಿನ ಬಾಲದಂತೆ ಹರಡಿರುತ್ತವೆ, ತೋಡು ತುದಿಯ ಹತ್ತಿರದವರೆಗೂ ಹೋಗುತ್ತದೆ. ಇದೇ ಆಕಾರದ, ತೋಡಿಲ್ಲದ ಮೊನೆಗೆ ಬೀವರ್ ಲೇಕ್ ಎಂದು ಹೆಸರು. ರೆಡ್‌ಸ್ಟೋನ್‌ನಲ್ಲಿ ಬುಡವೇ ಅತಿ ಅಗಲವಾದ ಭಾಗ, ಅಲ್ಲಿಂದ ಅಂಚುಗಳು ತ್ರಿಕೋನದಂತೆ ತುದಿಗೆ ಕೂಡುತ್ತವೆ, ಒಳಬಾಗು ಆಳ, ತೋಡು ಉದ್ದ.

*ಮಹಾ ಸರೋವರಗಳು ಮತ್ತು ಈಶಾನ್ಯ.* ಇಲ್ಲಿ ಸಿಕ್ಕದ್ದನ್ನೆಲ್ಲ ಕ್ಲೋವಿಸ್ ಎನ್ನುವ ಅಭ್ಯಾಸ ಈ ನಾಡಿನ ಮೊನೆಗಳಿಗೆ ಮಾಡುವ ಅನ್ಯಾಯ. ಗೇನಿ ಬಗೆಯಲ್ಲಿ ಅಂಚುಗಳು ಸಮಾನಾಂತರವಿದ್ದು ಒಳಬಾಗು ಕ್ಲೋವಿಸ್‌ಗಿಂತ ಆಳ. ಬಾರ್ನ್ಸ್ ಸಣ್ಣದು, ಬುಡ ಕಿರಿದಾಗಿ ಕಂಬರ್ಲಂಡನ್ನು ನೆನಪಿಸುತ್ತದೆ. ಒಂಟಾರಿಯೋದ ಕ್ರೋಫೀಲ್ಡ್ ಬಹಳ ತೆಳು, ಮೇಲೆ ಅಗಲವಾಗಿ ಬುಡದ ಕಡೆ ಕಿರಿದಾಗುತ್ತದೆ, ಒಂದೇ ಮುಖದಲ್ಲಿ ಹಲವು ತೋಡುಗಳಿರುತ್ತವೆ. ನೋವಾ ಸ್ಕೋಷಿಯಾದ ಡೆಬರ್ಟ್ ಮತ್ತು ಮೇನ್‌ನ ವೇಲ್ ನೆಲೆಗಳ ಮೊನೆಗಳನ್ನು ಬುಡದ ಅತಿ ಆಳವಾದ ಒಳಬಾಗಿನಿಂದಲೇ ಗುರುತಿಸಬಹುದು.

*ಎರಡು ತುದಿಗಳು.* ಅಲಾಸ್ಕಾದ ಸರ್ಪಂಟೈನ್ ಹಾಟ್ ಸ್ಪ್ರಿಂಗ್ಸ್‌ನಂಥ ನೆಲೆಗಳ ತೋಡುಮೊನೆಗಳು ಕ್ಲೋವಿಸ್‌ಗಿಂತ ಈಚಿನವು. ದಕ್ಷಿಣ ಅಮೆರಿಕದಲ್ಲಿ, ಚಿಲಿಯ ಫೆಲ್ಸ್ ಗುಹೆಯಿಂದ ಹೆಸರಾದ ಮೀನ್ಬಾಲದ ಮೊನೆಗಳಿಗೆ ಭುಜವೂ ತೊಟ್ಟೂ ಇರುತ್ತವೆ, ಅವುಗಳಲ್ಲಿ ಕೆಲವಕ್ಕೆ ಮಾತ್ರ ತೋಡು.

ಹಂತ 8: ನೋಟಕ್ಕೆ ಮೋಸ ಮಾಡುವ ಸಂಬಂಧಿಗಳು

ಮಿಡ್ಲಂಡ್ ಮೊನೆ ಫೋಲ್ಸಮ್‌ನ ಗಾತ್ರ ಮತ್ತು ಆಕಾರದ್ದು, ತೋಡಿಲ್ಲ. ಪ್ಲೇನ್‌ವ್ಯೂ ಮೊನೆ ಕ್ಲೋವಿಸ್‌ನಂತೆ ಕಾಣುತ್ತದೆ, ಬುಡ ತೆಳುಗೊಳಿಸಿದ್ದಷ್ಟೇ. ಹೆಚ್ಚು ಗೊಂದಲ ತರುವುದು ಡಾಲ್ಟನ್: ಒಳಬಾಗಿದ ಬುಡ, ಉಜ್ಜಿದ ಅಂಚು, ಕೆಲವೊಮ್ಮೆ ತೋಡಿನಷ್ಟೇ ಉದ್ದದ ಬುಡಚಕ್ಕೆ ಎಲ್ಲವೂ ಇರುತ್ತವೆ. ಅಲಗಿನ ಅಂಚಿನಲ್ಲಿ ಗರಗಸದ ಹಲ್ಲು ಅಥವಾ ಒಂದು ಬದಿಗೆ ಇಳಿಜಾರಾದ ಮರುಹರಿತ ಕಂಡರೆ ಡಾಲ್ಟನ್ ಕಡೆಗೆ ಯೋಚಿಸಿ.

ಹಂತ 9: ನಕಲಿಯ ಸೂಚನೆಗಳು

ಇವತ್ತಿಗೂ ಕಲ್ಲು ಒಡೆಯುವ ಕಲೆಯನ್ನು ಪ್ರೀತಿಯಿಂದ ಕಲಿತು, ತಾವು ಮಾಡಿದ ಮೊನೆಗೆ ಪ್ರಾಮಾಣಿಕವಾಗಿ ಗುರುತು ಹಾಕುವವರಿದ್ದಾರೆ. ಆ ಮೊನೆಗಳು ಕೈ ದಾಟುತ್ತ ಹೋದಂತೆ ಗುರುತು ಅಳಿಸಿ ಹಳೆಯದೆಂದು ಮಾರಾಟವಾಗುತ್ತವೆ. ಯಂತ್ರದಿಂದ ಕೊಯ್ದು ಉಜ್ಜಿದ ಕಲ್ಲಿನ ಮೇಲೆ ಚಕ್ಕೆ ತೆಗೆದಿದ್ದರೆ ಚಕ್ಕೆಗುರುತುಗಳ ನಡುವೆ ಚಪ್ಪಟೆಯಾದ, ಗೀರುಗಳಿರುವ ತೇಪೆಗಳು ಉಳಿದಿರುತ್ತವೆ. ಬುಡದ ಉಜ್ಜುಗುರುತು ಒಂದೇ ದಿಕ್ಕಿನ ನೇರ ಸಮಾನಾಂತರ ಗೀರುಗಳಾಗಿದ್ದರೆ ತಿರುಗುವ ಉಪಕರಣದ ಸಂಶಯ ಬರಬೇಕು.

ತೋಡಿನ ಒಳಮೈಯನ್ನೂ ಅಡ್ಡ ಚಕ್ಕೆಗಳ ಮೈಯನ್ನೂ ಹೋಲಿಸಿ ನೋಡಿ. ಎರಡಕ್ಕೂ ಒಂದೇ ಬಗೆಯ ಮಂಕು ಮೈಬಣ್ಣ ಇರಬೇಕು. ಸುತ್ತಲೂ ಹಳೆಯ ಬಣ್ಣವಿದ್ದು ತೋಡು ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ, ಬೆಲೆ ಏರಿಸಲು ಹಳೆಯ ಮೊನೆಗೆ ಈಚೆಗೆ ತೋಡು ಎಬ್ಬಿಸಿದ್ದಾರೆ. ಬಿರುಕಿನಲ್ಲಿ ಅಂಟಿನಂತೆ ಕೂತ ಮಣ್ಣು, ಹಸಿರು ಅಥವಾ ಹೊಳೆಯುವ ತಾಮ್ರದ ಕಲೆ, ಸಿಕ್ಕಿದ ಜಾಗದ ವಿವರವೇ ಇಲ್ಲದ ‘ಹಳೆಯ ಸಂಗ್ರಹ’ ಎಂಬ ಕಥೆ, ಇವೆಲ್ಲ ಅಲ್ಲಿಗೇ ನಿಲ್ಲಿಸಬೇಕೆಂಬ ಸೂಚನೆಗಳು. ಕಲ್ಲು ಬಹುದೂರದ್ದು ಎಂಬುದೊಂದೇ ನಕಲಿಗೆ ಸಾಕ್ಷಿಯಲ್ಲ, ಏಕೆಂದರೆ ಆ ಜನ ಒಳ್ಳೆಯ ಕಲ್ಲನ್ನು ನೂರಾರು ಕಿಲೋಮೀಟರ್ ಹೊತ್ತೊಯ್ಯುತ್ತಿದ್ದರು.

ಹಂತ 10: ದಾಖಲೆ

ದಾಖಲೆಯಲ್ಲಿ ಕಂಡದ್ದನ್ನೂ ತೀರ್ಮಾನಿಸಿದ್ದನ್ನೂ ಬೇರೆ ಬೇರೆ ಬರೆಯಿರಿ. ‘ಎರಡೂ ಮುಖದಲ್ಲಿ ಬುಡದಿಂದ ಎದ್ದ ತೋಡು, ಮುಂಭಾಗ 31 ಮಿ.ಮೀ., ಹಿಂಭಾಗ 22 ಮಿ.ಮೀ., ಅಂಚು ಉಜ್ಜಿದೆ, ಅಲಗು ಮರುಹರಿತಗೊಂಡಿದೆ’ ಎಂಬಂಥದ್ದು ಕಂಡದ್ದು. ‘ಬಹುಶಃ ಕ್ಲೋವಿಸ್’ ಎಂಬುದು ತೀರ್ಮಾನ. ನಾಳೆ ಬಗೆಗಳ ವ್ಯಾಖ್ಯೆ ಬದಲಾದರೂ ಮೊದಲನೆಯ ಭಾಗ ಉಪಯೋಗಕ್ಕೆ ಬರುತ್ತದೆ. ಐದು ಚಿತ್ರಗಳು, ಅಳತೆಗಳು, ಕಲ್ಲಿನ ವಿವರ ಮತ್ತು ಸ್ಥಳದೊಂದಿಗೆ ಇದನ್ನು ಆಯಾ ರಾಜ್ಯದ ಪುರಾತತ್ವಜ್ಞರ ಕಚೇರಿಗೆ ಕಳುಹಿಸಿ. ಅನೇಕ ರಾಜ್ಯಗಳಲ್ಲಿ ತೋಡುಮೊನೆಗಳ ಸಮೀಕ್ಷೆಗಳು ನಡೆದಿವೆ, ಅಮೆರಿಕ ಖಂಡಗಳ ಆದಿಕಾಲದ ಮೊನೆಗಳಿಗಾಗಿ ‘ಪಿಡ್ಬಾ’ ಎಂಬ ದತ್ತಸಂಚಯವೂ ಇದೆ. ನಿಖರ ಸ್ಥಳವನ್ನು ಮಾತ್ರ ಸಾರ್ವಜನಿಕವಾಗಿ ಹಂಚಬೇಡಿ, ಅದನ್ನು ನೋಡಿ ಅಗೆಯಲು ಬರುವವರು ಪದರಗಳನ್ನು ಹಾಳುಮಾಡುತ್ತಾರೆ.